ಬಾಜಿಯ ಸುಳಿವೂ ಪಾಪೋಪದೇಶವೂ

ಶ್ರಾವಕನು ತೊರೆಯಬೇಕಾದ ಸಪ್ತವ್ಯಸನಗಳನ್ನು ಎಣಿಸುವಾಗ ನಮ್ಮ ಆಚಾರ್ಯರು ದ್ಯೂತವನ್ನು ಮೊದಲಿಗೆ ಇಡುತ್ತಾರೆ. ಬೇಟೆಯೂ ಆ ಏಳರಲ್ಲಿ ಒಂದು. ಒಂದು ಪಗಡೆಯ ಹಾಸಿನ ಮುಂದೆ ನಡೆಯುವುದು, ಇನ್ನೊಂದು ಅಡವಿಯಲ್ಲಿ ನಡೆಯುವುದು. ಆದ್ದರಿಂದ ಇವೆರಡಕ್ಕೂ ಸಂಬಂಧವಿಲ್ಲವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಈ ಎರಡು ವ್ಯಸನಗಳೂ ಒಂದೇ ಬಯಲಿನಲ್ಲಿ ಕೂಡಿಕೊಂಡು, ಅವುಗಳ ಸುತ್ತ ಉಪದೇಶದ ಒಂದು ದೊಡ್ಡ ವ್ಯಾಪಾರವೇ ಬೆಳೆದ ಚರಿತ್ರೆಯೊಂದು ಐರ್ಲೆಂಡ್ ಮತ್ತು ಇಂಗ್ಲೆಂಡ್ ದೇಶಗಳಲ್ಲಿದೆ. ಬೇಲಿಗಳನ್ನು ಹಾರುತ್ತ ಓಡುವ ಕುದುರೆಗಳ ಪಂದ್ಯ, ಅಂದರೆ ಸ್ಟೀಪಲ್‌ಚೇಸ್, ಆ ಬಯಲು. ಪಂದ್ಯದ ದಿನ ಬೆಳಿಗ್ಗೆ ಯಾವ ಓಟದಲ್ಲಿ ಯಾವ ಕುದುರೆಗೆ ಹಣ ಕಟ್ಟಬೇಕೆಂದು ಹೇಳುವ ಸುಳಿವು ಆ ಉಪದೇಶ. ಈ ಸುಳಿವನ್ನು ಧರ್ಮದೃಷ್ಟಿಯಿಂದ ಏನೆಂದು ಕರೆಯಬೇಕು ಎಂಬುದೇ ಇಲ್ಲಿ ವಿಚಾರ ಮಾಡಬೇಕಾದ ವಿಷಯ.

ಈ ಪಂದ್ಯದ ಮೂಲವನ್ನು ಸಾಮಾನ್ಯವಾಗಿ 1752ನೆಯ ಇಸವಿಗೆ ಒಯ್ಯುತ್ತಾರೆ. ಐರ್ಲೆಂಡಿನ ಕಾರ್ಕ್ ಪ್ರಾಂತದಲ್ಲಿ ಕಾರ್ನೀಲಿಯಸ್ ಒಕಾಲಹನ್ ಮತ್ತು ಎಡ್ಮಂಡ್ ಬ್ಲೇಕ್ ಎಂಬಿಬ್ಬರು ಪಣ ತೊಟ್ಟು, ಬಟಿವಂಟ್ ಊರಿನ ಚರ್ಚಿನಿಂದ ಡಾನರೇಲ್ ಊರಿನ ಚರ್ಚಿನವರೆಗೆ ಸುಮಾರು ನಾಲ್ಕೂವರೆ ಮೈಲಿ ಕುದುರೆ ಓಡಿಸಿದರಂತೆ. ದೂರದಲ್ಲಿ ಕಾಣುವ ಚರ್ಚಿನ ಶಿಖರವೇ ಗುರಿ. ನಡುವೆ ಬಂದ ಬೇಲಿ, ಗೋಡೆ, ಹಳ್ಳಗಳನ್ನೆಲ್ಲ ಹಾರಿ ಹೋಗಬೇಕು. ಶಿಖರಕ್ಕೆ ಇಂಗ್ಲಿಷಿನಲ್ಲಿ ಸ್ಟೀಪಲ್ ಎಂದು ಹೆಸರಿರುವುದರಿಂದ ಈ ಓಟಕ್ಕೂ ಆ ಹೆಸರು ಬಂದಿತು. ನರಿಬೇಟೆಯ ಬೆನ್ನಟ್ಟುವಿಕೆಯಲ್ಲಿ ಹೀಗೆ ಹಾರಲು ಪಳಗಿದ ಕುದುರೆಗಳೇ ಇಂತಹ ಓಟಗಳಿಗೂ ಒದಗಿದವು. ಬೇಟೆಯಿಂದ ನರಿಯನ್ನು ತೆಗೆದು ಆ ಸ್ಥಾನದಲ್ಲಿ ಪಣದ ಹಣವನ್ನು ಇಟ್ಟುದೇ ಸ್ಟೀಪಲ್‌ಚೇಸ್ ಎಂದರೆ ತಪ್ಪಾಗಲಾರದು.

ಇದನ್ನು ದೊಡ್ಡ ಸಾರ್ವಜನಿಕ ಉತ್ಸವವನ್ನಾಗಿ ಮಾಡಿದವರಲ್ಲಿ ಲಿವರ್‌ಪೂಲ್ ನಗರದ ಹೋಟೆಲ್ ಮಾಲೀಕ ವಿಲಿಯಂ ಲಿನ್ ಪ್ರಮುಖನು. ಮೊಲಗಳ ಹಿಂದೆ ನಾಯಿಗಳನ್ನು ಬಿಟ್ಟು ನಡೆಸುವ ವಾಟರ್ಲೂ ಕಪ್ ಎಂಬ ಸ್ಪರ್ಧೆಯನ್ನು 1836ರಲ್ಲಿ ಆರಂಭಿಸಿದವನೂ ಅವನೇ. ಲಿವರ್‌ಪೂಲಿನ ಬಳಿಯ ಏಂಟ್ರಿ ಬಯಲಿನಲ್ಲಿ 1839ರಲ್ಲಿ ನಡೆದ ಮಹಾ ಓಟವನ್ನು ಇಂದಿನ ಗ್ರ್ಯಾಂಡ್ ನ್ಯಾಷನಲ್ ಪಂದ್ಯದ ಆರಂಭವೆಂದು ಎಣಿಸುವುದು ವಾಡಿಕೆ. ಅಂದು ಗೆದ್ದ ಕುದುರೆಯ ಹೆಸರು ಲಾಟರಿ. ಕ್ಯಾಪ್ಟನ್ ಬೀಚರ್ ಎಂಬ ಸವಾರನು ಬಿದ್ದ ಹಳ್ಳಕ್ಕೆ ಅವನ ಹೆಸರೇ ನಿಂತಿತು. ಬಿದ್ದ ಸವಾರನ ಹೆಸರನ್ನು ಚರಿತ್ರೆ ಉಳಿಸಿಕೊಂಡಿತು. ಆ ಹಳ್ಳದಲ್ಲಿ ಅನಂತರ ಬಿದ್ದ ಕುದುರೆಗಳ ಹೆಸರನ್ನು ಕೇಳುವವರು ವಿರಳ.

ಈ ಪಂದ್ಯಕ್ಕೂ ನಮ್ಮ ಬೆಂಗಳೂರು, ಮೈಸೂರುಗಳ ರೇಸುಗಳಿಗೂ ಇರುವ ಭೇದವನ್ನು ಇಲ್ಲಿ ಗಮನಿಸಬೇಕು. ನಮ್ಮಲ್ಲಿ ಕುದುರೆಗಳು ಸಮತಟ್ಟಾದ ಹಾದಿಯಲ್ಲಿ ಓಡುತ್ತವೆ. ಗ್ರ್ಯಾಂಡ್ ನ್ಯಾಷನಲ್‌ನಲ್ಲಾದರೋ ನಾಲ್ಕು ಮೈಲಿಗೂ ಮೀರಿದ ಹಾದಿಯಲ್ಲಿ 30 ಬಾರಿ ಬೇಲಿ ಹಾರಬೇಕು. ಆದುದರಿಂದ ಬೀಳುವುದು ಅಲ್ಲಿ ಆಕಸ್ಮಿಕವಲ್ಲ, ಲೆಕ್ಕಾಚಾರದ ಒಂದು ಅಂಗ. 1928ರಲ್ಲಿ 42 ಕುದುರೆಗಳು ಓಡಿದಾಗ ಕೊನೆಯವರೆಗೂ ಬೀಳದೆ ಉಳಿದುದು ಟಿಪ್ಪರರಿ ಟಿಮ್ ಒಂದೇ. ಒಂದಕ್ಕೆ ನೂರರ ದರ ಪಡೆದಿದ್ದ, ಗೆಲ್ಲುವುದೆಂದು ಯಾರೂ ನಂಬದಿದ್ದ ಕುದುರೆ ಅದು. 1967ರಲ್ಲಿ 23ನೆಯ ಬೇಲಿಯ ಬಳಿ ಮುಂದಿನ ಕುದುರೆಗಳೆಲ್ಲ ಒಂದರ ಮೇಲೊಂದು ಸಿಲುಕಿಕೊಂಡಾಗ, ಬಹಳ ಹಿಂದೆ ಉಳಿದಿದ್ದ ಫಾಯ್ನವನ್ ಪಾರಾಗಿ ಹೋಗಿ ಗೆದ್ದಿತು. ಅದರ ದರವೂ ಒಂದಕ್ಕೆ ನೂರು. ಪ್ರವೀಣರೆನಿಸಿದವರ ಸುಳಿವುಗಳೆಲ್ಲ ಆ ದಿನಗಳಂದು ನಿಷ್ಫಲವಾದವು. ಅಷ್ಟಾದರೂ ಮರುವರ್ಷ ಸುಳಿವು ಕೊಡುವವರೂ ಕೇಳುವವರೂ ಮತ್ತೆ ಸೇರಿದರು.

ಸುಳಿವುಗಾರನು ಓದುವ ಪಟ್ಟಿಯನ್ನು ನೋಡಿದರೆ ಈ ವಿದ್ಯೆಯ ಸ್ವರೂಪ ತಿಳಿಯುತ್ತದೆ. ಪ್ರತಿ ಕುದುರೆಯ ಹೆಸರಿನ ಪಕ್ಕದಲ್ಲಿ ಅದರ ಹಿಂದಿನ ಓಟಗಳ ಫಲವನ್ನು ಅಂಕಿ, ಅಕ್ಷರಗಳಲ್ಲಿ ಮುದ್ರಿಸಿರುತ್ತಾರೆ. ಒಂದು, ಎರಡು, ಮೂರು ಎಂದರೆ ಅದು ಪಡೆದ ಸ್ಥಾನ. 'ಎಫ್' ಎಂದರೆ ಬಿದ್ದಿತು. 'ಯು' ಎಂದರೆ ಸವಾರನನ್ನು ಕೆಡವಿತು. 'ಬಿ' ಎಂದರೆ ಬೇರೊಂದು ಕುದುರೆ ಬಿದ್ದುದರಿಂದ ತಾನೂ ಉರುಳಿತು. 'ಪಿ' ಎಂದರೆ ಮುಂದೆ ಓಡಲಾರದೆ ನಡುವೆಯೇ ನಿಲ್ಲಿಸಲ್ಪಟ್ಟಿತು. ಒಂದು ಪಂಚೇಂದ್ರಿಯ ಜೀವವು ಅನುಭವಿಸಿದ ಭಯ, ಪೆಟ್ಟು, ಬಳಲಿಕೆಗಳೆಲ್ಲ ಈ ಪಟ್ಟಿಯಲ್ಲಿ ಒಂದೊಂದು ಅಕ್ಷರವಾಗಿ ಉಳಿಯುತ್ತವೆ. ಆ ಅಕ್ಷರವನ್ನು ಓದುವವನಿಗೆ ಕನಿಕರ ಹುಟ್ಟುವುದಿಲ್ಲ. ಇದರ ದರ ಎಷ್ಟು ಏರುವುದೆಂಬ ಎಣಿಕೆ ಹುಟ್ಟುತ್ತದೆ.

ಇನ್ನು ಭಾರದ ಮಾತು. ಈ ಪಂದ್ಯದಲ್ಲಿ ಹೆಚ್ಚು ಸಮರ್ಥವಾದ ಕುದುರೆಗೆ ಹೆಚ್ಚು ತೂಕ ಹೊರಿಸುತ್ತಾರೆ. ಎಲ್ಲ ಕುದುರೆಗಳಿಗೂ ಗೆಲ್ಲುವ ಅವಕಾಶ ಸಮನಾಗಿ, ಬಾಜಿಗೆ ಕುತೂಹಲ ಉಳಿಯಬೇಕೆಂಬುದು ಇದರ ಉದ್ದೇಶ. ಈ ಪಂದ್ಯವನ್ನು ಮೂರು ಬಾರಿ ಗೆದ್ದ ಹೆಸರಾಂತ ಕುದುರೆ ರೆಡ್ ರಮ್ 1974ರಲ್ಲಿ ಹೊತ್ತುದು 12 ಸ್ಟೋನ್, ಅಂದರೆ ಸುಮಾರು 76 ಕಿಲೋಗ್ರಾಂ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೋಲು, ಚಾವಟಿಗಳಿಂದ ಹೊಡೆಯುವುದು. ಹೊಲ ಉಳುವ ಎತ್ತಿಗೂ ಮಿತಿಮೀರಿ ಹೊರಿಸಬಾರದೆಂದ ಶಾಸ್ತ್ರವು, ವಿನೋದಕ್ಕಾಗಿ ತೂಕ ಹೊರಿಸಿ, ಚಾವಟಿ ಬೀಸಿ, ಬೇಲಿ ಹಾರಿಸುವುದನ್ನು ಏನೆನ್ನುವುದೆಂದು ಬಿಡಿಸಿ ಹೇಳಬೇಕಾಗಿಲ್ಲ.

2012ರ ಪಂದ್ಯದಲ್ಲಿ ಎರಡು ಕುದುರೆಗಳು ಸತ್ತವು. ಅವುಗಳಲ್ಲಿ ಸಿಂಕ್ರನೈಸ್ಡ್ ಎಂಬುದು ಹಿಂದಿನ ತಿಂಗಳಷ್ಟೇ ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್ ಗೆದ್ದಿತ್ತು. ಜನರು ನೊಂದರು, ಪತ್ರಿಕೆಗಳು ಬರೆದವು, ವ್ಯವಸ್ಥಾಪಕರೂ ಕೈಕಟ್ಟಿ ಕೂರಲಿಲ್ಲ. 2013ರಿಂದ ಬೇಲಿಗಳ ಒಳಗಿನ ಗಟ್ಟಿ ಮರವನ್ನು ತೆಗೆದು ಮೆತ್ತನೆಯ ಪ್ಲಾಸ್ಟಿಕ್ಕನ್ನು ಅಳವಡಿಸಿದರು. 2024ರಿಂದ ಓಡುವ ಕುದುರೆಗಳ ಗರಿಷ್ಠ ಸಂಖ್ಯೆಯನ್ನು 40ರಿಂದ 34ಕ್ಕೆ ಇಳಿಸಿದರು. ಈ ಸುಧಾರಣೆಗಳು ನಿಜವಾದವು. ಅವುಗಳನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೂ 2019ರಲ್ಲಿ, 2023ರಲ್ಲಿ ಮತ್ತೆ ಕುದುರೆಗಳು ಸತ್ತವು. ಹಿಂಸೆಯನ್ನು ಕಡಿಮೆ ಮಾಡಬಹುದು. ಆದರೆ ಆ ಹಿಂಸೆಗೆ ಪ್ರಯೋಜನವೇನೆಂಬ ಪ್ರಶ್ನೆಗೆ ಸುಧಾರಣೆ ಉತ್ತರವಾಗದು.

ಈ ಪ್ರಶ್ನೆಯನ್ನೇ ನಮ್ಮ ಶಾಸ್ತ್ರಗಳು ಅನರ್ಥದಂಡವೆಂಬ ಹೆಸರಿನಲ್ಲಿ ವಿಚಾರಿಸಿವೆ. ಗೃಹಸ್ಥನು ಬೇಸಾಯ, ವ್ಯಾಪಾರ, ಅಡಿಗೆಗಳಲ್ಲಿ ಅನಿವಾರ್ಯವಾಗಿ ಕೆಲವು ಹಿಂಸೆ ಮಾಡುತ್ತಾನೆ. ಪ್ರಯೋಜನವೇ ಇಲ್ಲದ ಹಿಂಸೆ ಅನರ್ಥದಂಡ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದರ ಐದು ಬಗೆಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಮೂರು ನಮ್ಮ ವಿಷಯಕ್ಕೆ ನೇರವಾಗಿ ತಾಗುತ್ತವೆ. ಮೊದಲನೆಯದು ಪಾಪೋಪದೇಶ: ಪ್ರಾಣಿಗಳಿಗೆ ಕ್ಲೇಶವಾಗುವ, ಹಿಂಸೆ ನಡೆಯುವ, ವಂಚನೆಗೆ ಎಡೆಯಾಗುವ ಮಾತುಗಳನ್ನು ಪರರಿಗೆ ಹೇಳುವುದು. ಎರಡನೆಯದು ಅಪಧ್ಯಾನ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವಾಗ, ಪರರ ಜಯಾಪಜಯಗಳನ್ನೂ ವಧಬಂಧನಗಳನ್ನೂ ಮನಸ್ಸಿನಲ್ಲಿ ಚಿಂತಿಸುವುದನ್ನು ಸೇರಿಸಿದ್ದಾರೆ. ಒಂದು ಕುದುರೆಗೆ ಹಣ ಕಟ್ಟಿದವನು ಉಳಿದ ಮೂವತ್ತಮೂರು ಸೋಲಲಿ ಎಂದು ಹಾರೈಸದೆ ಇರಲಾರ. ಬೇಲಿಯ ಓಟದಲ್ಲಿ ಆ ಹಾರೈಕೆ 'ಬೀಳಲಿ' ಎಂಬ ಹಾರೈಕೆಗೆ ಎಷ್ಟು ಸಮೀಪವಿದೆ! ಮೂರನೆಯದು ದುಃಶ್ರುತಿ, ಚಿತ್ತವನ್ನು ಕದಡುವ ಮಾತುಗಳನ್ನು ಕೇಳುವುದು. ಸುಳಿವು ಕೊಡುವವನು ಪಾಪೋಪದೇಶಿ, ಅದನ್ನು ಓದುವವನು ದುಃಶ್ರುತಿಗೆ ಒಳಗಾದವನು, ಓದಿ ಹಣ ಕಟ್ಟಿ ಕಾದು ಕುಳಿತವನು ಅಪಧ್ಯಾನಿ. ಮೂವರೂ ಕುದುರೆಯನ್ನು ಮುಟ್ಟಿದವರಲ್ಲ. ಆದರೆ ಕೃತ, ಕಾರಿತ, ಅನುಮೋದಿತವೆಂಬ ಮೂರು ದಾರಿಗಳಿಂದಲೂ ಕರ್ಮಾಸ್ರವವಾಗುವುದೆಂದು ನಂಬಿದ ನಮಗೆ, ಮುಟ್ಟಲಿಲ್ಲವೆಂಬುದು ಸಮಾಧಾನವಲ್ಲ.

ಸುಳಿವಿನಲ್ಲಿ ಅಡಗಿರುವ ವಂಚನೆಯನ್ನೂ ತಿಳಿಯಬೇಕು. 2008ರಲ್ಲಿ ಡೆರನ್ ಬ್ರೌನ್ ಎಂಬ ಇಂಗ್ಲೆಂಡಿನ ಜಾದೂಗಾರನು ದೂರದರ್ಶನದಲ್ಲಿ ಇದನ್ನು ಬಯಲು ಮಾಡಿ ತೋರಿಸಿದನು. 7,776 ಜನರನ್ನು ಆರು ಗುಂಪು ಮಾಡಿ, ಆರು ಕುದುರೆಗಳ ಓಟದಲ್ಲಿ ಒಂದೊಂದು ಗುಂಪಿಗೆ ಒಂದೊಂದು ಕುದುರೆಯ ಹೆಸರು ಹೇಳಿದರೆ, ಒಂದು ಗುಂಪಿಗೆ ಸುಳಿವು ನಿಜವಾಗಲೇಬೇಕು. ಆ 1,296 ಜನರನ್ನು ಮತ್ತೆ ಆರು ಭಾಗ ಮಾಡುವುದು. ಹೀಗೆ ಐದು ಓಟಗಳು ಮುಗಿಯುವಾಗ ಐದು ಬಾರಿಯೂ ಗೆದ್ದ ಒಬ್ಬರು ಉಳಿಯುತ್ತಾರೆ. ಅವರ ಪಾಲಿಗೆ ಸುಳಿವು ಕೊಟ್ಟವನು ತ್ರಿಕಾಲಜ್ಞಾನಿ. ಸೋತ 7,775 ಜನರು ಆ ಒಬ್ಬರ ಕಣ್ಣಿಗೆ ಬೀಳುವುದಿಲ್ಲ. ಬುಕ್ಕಿಯ ಲೆಕ್ಕವೂ ಇಷ್ಟೇ ಸರಳ. ಐದು ಸಮಬಲದ ಕುದುರೆಗಳಿಗೆ ಒಂದಕ್ಕೆ ಮೂರರ ದರ ಹೇಳಿ, ಒಂದೊಂದರ ಮೇಲೆ ನೂರು ರೂಪಾಯಿಯಂತೆ ಐನೂರು ಪಡೆದರೆ, ಯಾವುದೇ ಗೆದ್ದರೂ ಅವನು ಹಿಂದಿರುಗಿಸುವುದು ನಾನೂರು. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ದ್ಯೂತವನ್ನು ಅನರ್ಥಗಳಲ್ಲೆಲ್ಲ ಮೊದಲನೆಯದೆಂದೂ ಮಾಯೆಯ ಮನೆಯೆಂದೂ ಕರೆದುದರ ಅರ್ಥ ಈ ಲೆಕ್ಕದಲ್ಲಿ ಕಾಣುತ್ತದೆ.

'ಇದು ಜೂಜಲ್ಲ, ಕೌಶಲ' ಎಂಬ ವಾದವುಂಟು. ನಮ್ಮ ಸರ್ವೋಚ್ಚ ನ್ಯಾಯಾಲಯವೂ 1996ರಲ್ಲಿ ಕುದುರೆ ಪಂದ್ಯವನ್ನು ಕೌಶಲಪ್ರಧಾನವೆಂದು ತೀರ್ಮಾನಿಸಿತು. ನ್ಯಾಯಾಲಯವು ಕಾನೂನಿನ ಪದಕ್ಕೆ ಅರ್ಥ ಹೇಳಿತು. ಅದು ಅದರ ಕೆಲಸ. ಆದರೆ ಬೇಟೆಗೂ ಕೌಶಲ ಬೇಕು, ಕಳವಿಗೂ ಬೇಕು. ಕೌಶಲವಿದ್ದ ಮಾತ್ರಕ್ಕೆ ವ್ಯಸನವು ವ್ರತವಾಗದು.

ಈ ಚರಿತ್ರೆಯಲ್ಲಿ ವಣಿಕ ಸಮಾಜವಾದ ನಾವು ವಿಶೇಷವಾಗಿ ಓದಬೇಕಾದ ಅಧ್ಯಾಯವೊಂದಿದೆ. ಇಂಗ್ಲೆಂಡಿನ ಕ್ವೇಕರರು ಯುದ್ಧವನ್ನು ಒಪ್ಪದ, ಜೂಜನ್ನು ನಿಷೇಧಿಸಿದ, ವ್ಯಾಪಾರದಲ್ಲಿ ಸತ್ಯನಿಷ್ಠೆಗೆ ಹೆಸರಾದ ಸಣ್ಣ ಸಮುದಾಯ. ಅವರಲ್ಲಿ ಚಾಕೊಲೇಟು ಉದ್ಯಮಿ ಜಾರ್ಜ್ ಕ್ಯಾಡ್ಬರಿ 1901ರಲ್ಲಿ ಡೈಲಿ ನ್ಯೂಸ್ ಪತ್ರಿಕೆಯ ಒಡೆತನದಲ್ಲಿ ಸೇರಿದರು. ಆ ಪತ್ರಿಕೆಯಿಂದ ಬಾಜಿಯ ಸುಳಿವುಗಳನ್ನೂ ಮದ್ಯದ ಜಾಹೀರಾತುಗಳನ್ನೂ ತೆಗೆಸಿದರು. 1905ರಲ್ಲಿ ಇನ್ನೊಂದು ಕ್ವೇಕರ್ ಮನೆತನದ ಸೀಬೋಮ್ ರೌಂಟ್ರಿ ಅವರು ಬಾಜಿಯನ್ನು ರಾಷ್ಟ್ರದ ಪಿಡುಗೆಂದು ಕರೆದ ಪ್ರಬಂಧಗಳ ಗ್ರಂಥವನ್ನು ಸಂಪಾದಿಸಿದರು. ಆದರೆ 1910ರ ಸುಮಾರಿಗೆ ಇವೇ ಎರಡು ಮನೆತನಗಳು ಕೈಗೊಂಡ ಸ್ಟಾರ್ ಎಂಬ ಸಂಜೆ ಪತ್ರಿಕೆಯಲ್ಲಿ ಸುಳಿವುಗಳು ನಿಲ್ಲಲಿಲ್ಲ. ಸುಳಿವಿಲ್ಲದ ಸಂಜೆ ಪತ್ರಿಕೆ ಬಾಳದು. ನಾವು ಬಿಟ್ಟರೆ ಯುದ್ಧಪ್ರಿಯರ ಕೈಸೇರುತ್ತದೆ. ಅದಕ್ಕಿಂತ ಸುಳಿವಿನೊಡನೆ ಶಾಂತಿಯನ್ನೂ ಬೋಧಿಸುವ ಪತ್ರಿಕೆ ಮೇಲು ಎಂಬುದು ಅವರ ಸಮರ್ಥನೆಯಾಗಿತ್ತು. ವಿರೋಧಿಗಳು ಇದನ್ನು ಬೂಟಾಟಿಕೆಯೆಂದು ಹಳಿದರು.

ಅವರನ್ನು ಹಳಿಯುವುದು ಸುಲಭ. ಆದರೆ ಅವರು ದುಷ್ಟರಾಗಿರಲಿಲ್ಲ. ಕಾರ್ಮಿಕರ ಮನೆಗಳಿಗಾಗಿ, ವೃದ್ಧರ ಪಿಂಚಣಿಗಾಗಿ ದುಡಿದವರು. ತಾವು ಬಾಜಿ ಕಟ್ಟದೆ, ಮತ್ತೊಬ್ಬರ ಬಾಜಿಯಿಂದ ಬಂದ ಆದಾಯದಲ್ಲಿ ಒಳ್ಳೆಯ ಕಾರ್ಯ ನಡೆಸಬಹುದೆಂದು ಎಣಿಸಿದರು. ಇಂತಹ ಎಣಿಕೆ ಇಂದು ನಮ್ಮ ಮುಂದೆಯೂ ಬರುತ್ತದೆ. ಬಾಜಿಯ ಸುಳಿವುಗಳು ಈಗ ಮನೆಮಕ್ಕಳ ಕೈಯಲ್ಲಿರುವ ದೂರವಾಣಿಗೇ ಬರುತ್ತವೆ. ಅಂತಹ ಉದ್ಯಮದಲ್ಲಿ ಷೇರು ಕೊಳ್ಳುವವರು, ಅದರ ಜಾಹೀರಾತನ್ನು ಅಚ್ಚುಹಾಕುವವರು, ಅದರ ದೇಣಿಗೆಯನ್ನು ಸಂಘಸಂಸ್ಥೆಗಳಿಗೆ ತರುವವರು ನಮ್ಮಲ್ಲೂ ಇರಬಹುದು. ಅನರ್ಥದಂಡವಿರತಿಯನ್ನು ಗುಣವ್ರತವಾಗಿ ಸ್ವೀಕರಿಸಿದ ಶ್ರಾವಕನು ತನ್ನ ಲೆಕ್ಕದ ಪುಸ್ತಕದಲ್ಲಿ ಇಂತಹ ಒಂದು ಬಾಬು ಇದೆಯೇ ಎಂದು ವರ್ಷಕ್ಕೊಮ್ಮೆಯಾದರೂ ನೋಡಿಕೊಳ್ಳಲಿ. ಇದ್ದರೆ ತೆಗೆದುಹಾಕಲಿ, ಮಕ್ಕಳಿಗೆ ಅದನ್ನು ಏಕೆ ತೆಗೆದೆನೆಂಬುದನ್ನೂ ತಿಳಿಸಲಿ.