ಗ್ರಾಹಕರ ದೂರು ಯಾವ ಊರಿನಲ್ಲಿ?

ಕೊಟ್ಟ ದುಡ್ಡಿಗೆ ತಕ್ಕ ಸರಕು ಸಿಗದಿದ್ದರೆ ಒಂದು ಕಾಲದಲ್ಲಿ ಹೆಚ್ಚಿನವರಿಗೆ ಉಳಿದಿದ್ದ ದಾರಿ ಸಿವಿಲ್ ಕೋರ್ಟು. ಒಂದು ಇಸ್ತ್ರಿಪೆಟ್ಟಿಗೆಗಾಗಿ ವಕೀಲರನ್ನು ಹಿಡಿದು ವರ್ಷಗಟ್ಟಲೆ ಅಲೆಯುವವರು ಯಾರು? ಜನ ನಷ್ಟವನ್ನು ನುಂಗಿಕೊಂಡು ಸುಮ್ಮನಾಗುತ್ತಿದ್ದರು.

1966ರಲ್ಲಿ ಮುಂಬೈಯ ಕೆಲವು ಮಹಿಳೆಯರು ಕನ್ಸ್ಯೂಮರ್ ಗೈಡನ್ಸ್ ಸೊಸೈಟಿ ಆಫ್ ಇಂಡಿಯಾ ಕಟ್ಟಿ ಗ್ರಾಹಕರ ಪರವಾಗಿ ದನಿ ಎತ್ತಿದರು. ಇಪ್ಪತ್ತು ವರ್ಷಗಳ ನಂತರ, 1986ರಲ್ಲಿ, ಗ್ರಾಹಕ ಸಂರಕ್ಷಣಾ ಕಾಯ್ದೆ ಬಂತು. ಜಿಲ್ಲೆ, ರಾಜ್ಯ, ರಾಷ್ಟ್ರ ಎಂಬ ಮೂರು ಮೆಟ್ಟಿಲು. ವಕೀಲರಿಲ್ಲದೆಯೂ ಅಹವಾಲು ಹೇಳಿಕೊಳ್ಳಬಹುದು. ಮನೆ, ನಿವೇಶನ ಕೊಡುವ ಸರ್ಕಾರಿ ಪ್ರಾಧಿಕಾರಗಳೂ ಉತ್ತರ ಹೇಳಬೇಕೆಂದು ಸುಪ್ರೀಂ ಕೋರ್ಟ್ 1993ರಲ್ಲಿ ತೀರ್ಪಿತ್ತಿತು. 1995ರಲ್ಲಿ, ಹಣ ಪಡೆದು ಚಿಕಿತ್ಸೆ ನೀಡುವ ವೈದ್ಯರೂ ಸೇರಿದರು.

ಆದರೂ ಒಂದು ತೊಡಕು ಉಳಿಯಿತು. ದೂರು ಕೊಡಬೇಕಾದದ್ದು ವ್ಯಾಪಾರಿಯ ಊರಿನಲ್ಲಿ, ಅವನ ಶಾಖೆ ಇರುವಲ್ಲಿ ಅಥವಾ ತಕರಾರು ಹುಟ್ಟಿದಲ್ಲಿ. ಹುಬ್ಬಳ್ಳಿಯಲ್ಲಿ ಕೊಂಡದ್ದಕ್ಕೆ ತಕರಾರು ಎದ್ದರೆ ಪುಣೆಯಲ್ಲಿ ದುಡಿಯುವವರು ರಜೆ ಹಾಕಿ ಹುಬ್ಬಳ್ಳಿಗೇ ಹೋಗಬೇಕಾಗಬಹುದಿತ್ತು.

2020ರ ಜುಲೈ 20ರಂದು ಜಾರಿಗೆ ಬಂದ 2019ರ ಕಾಯ್ದೆ ಈ ದೂರವನ್ನು ಅಳಿಸಿತು. ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗಕ್ಕೇ ಹೋಗಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಗಡುವು ಎರಡು ವರ್ಷ. ಅದಕ್ಕೂ ಮೊದಲು 1915ಕ್ಕೆ ಕರೆ ಮಾಡಿ ರಾಜಿಗೆ ಯತ್ನಿಸಬಹುದು.

ಅಂಗಡಿ ಯಾವ ಊರಿನದಾದರೂ ಇರಲಿ, ರಸೀದಿಯೊಂದು ಕೈಯಲ್ಲಿರಲಿ.