ಕ್ಯೂ ಕೋಲಿನ ಬುಡದ ನಾಲ್ಕು ಕಪ್ಪು ನಾಲಿಗೆಗಳು

ಕೈಯಿಂದ ಬೆಸೆದ ಸ್ನೂಕರ್ ಕ್ಯೂ ಒಂದನ್ನು ಬೆಳಕಿನಲ್ಲಿ ತಿರುಗಿಸಿ ನೋಡಿದರೆ ಬುಡದಲ್ಲಿ ನಾಲ್ಕು ಕಪ್ಪು ನಾಲಿಗೆಗಳು ಕಾಣುತ್ತವೆ. ಎಬೊನಿ ಮರದವು. ತಿಳಿ ಬಣ್ಣದ ಆ್ಯಶ್ ಮರದೊಳಗೆ ಅವು ಸುಮಾರು ಒಂದು ಅಡಿ ಮೇಲೇರಿ, ತುದಿಯಲ್ಲಿ ದುಂಡಗಾಗಿ ನಿಲ್ಲುತ್ತವೆ. ಯಂತ್ರದಲ್ಲಿ ಬೆಸೆದ ಕ್ಯೂನಲ್ಲಾದರೋ ತುದಿಗಳು ಚೂಪಾಗಿರುತ್ತವೆ. ಬೆಸುಗೆ ಕೈಯದೋ ಯಂತ್ರದ್ದೋ ಎಂಬುದನ್ನು ಹೇಳಲು ಈ ಒಂದು ಗುರುತು ಸಾಕು.

ಯಂತ್ರದ ಗರಗಸ ಮರದಲ್ಲಿ ‘ವಿ’ ಆಕಾರದ ಸೀಳು ತೆಗೆಯುತ್ತದೆ. ಎರಡು ಮುಖಗಳು ಒಂದು ಗೆರೆಯಲ್ಲಿ ಕೂಡುವುದರಿಂದ ತುದಿ ಚೂಪಾಗುತ್ತದೆ. ಉಜ್ಜುಗೊರಡಿನ ಕೆಲಸ ಬೇರೆ. ಕುಶಲಕರ್ಮಿ ಆ್ಯಶ್ ಕೋಲಿನ ಬುಡದ ಎದುರುಬದುರು ಮಗ್ಗುಲುಗಳನ್ನು ಇಳಿಜಾರಾಗಿ, ಸಪಾಟಾಗಿ ಕೀಸುತ್ತಾನೆ. ಆ ಸಪಾಟು ಮುಖಗಳಿಗೆ ಎಬೊನಿಯ ಪಟ್ಟಿ ಅಂಟಿಸಿ, ಒಣಗಿದ ಮೇಲೆ ಉಳಿದೆರಡು ಮಗ್ಗುಲುಗಳಿಗೂ ಹಾಗೆಯೇ ಮಾಡುತ್ತಾನೆ. ಈಗ ಬುಡ ಒಡ್ಡೊಡ್ಡಾಗಿ, ಅಂದಗೆಟ್ಟು ಕಾಣುತ್ತದೆ. ಅದನ್ನು ಕೀಸಿ ದುಂಡಗೆ ಮಾಡುತ್ತಾ ಹೋದಂತೆ ಕಪ್ಪು ನಾಲಿಗೆಗಳು ತಾವಾಗಿಯೇ ಮೂಡುತ್ತವೆ. ಶಂಕುವನ್ನು ಓರೆಯಾಗಿ ಕತ್ತರಿಸಿದರೆ ದೀರ್ಘವೃತ್ತ ಸಿಗುತ್ತದೆಂದು ಶಾಲೆಯಲ್ಲಿ ಕಲಿಯುವ ಗಣಿತವೇ ಇದು. ಆ ದುಂಡು ತುದಿಯನ್ನು ಯಾರೂ ಬರೆದು ಕೊರೆದದ್ದಲ್ಲ.

ಈ ಬೆಸುಗೆ ಬರೀ ಶೃಂಗಾರವೂ ಅಲ್ಲ. ಆ್ಯಶ್ ಹಗುರ, ಎಬೊನಿ ನೀರಿನಲ್ಲಿ ಮುಳುಗುವಷ್ಟು ಭಾರ. ಬುಡಕ್ಕೆ ತೂಕ ಕೊಟ್ಟರೆ ಮಾತ್ರ ಕೋಲು ಕೈಯಲ್ಲಿ ಹದವಾಗಿ ನಿಲ್ಲುತ್ತದೆ.

ಬಿಲಿಯರ್ಡ್ಸ್ ಆಟದ ಮೊದಲ ದಿನಗಳಲ್ಲಿ ಇಷ್ಟು ನಾಜೂಕು ಬೇಕಿರಲಿಲ್ಲ. 1694ರಲ್ಲಿ ಆಂತ್ವಾನ್ ತ್ರುವೇನ್ ಕೆತ್ತಿದ ಚಿತ್ರದಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ ಬಿಲಿಯರ್ಡ್ಸ್ ಆಡುತ್ತಿದ್ದಾನೆ. ಅವನ ಕೈಯಲ್ಲಿರುವುದು ಕ್ಯೂ ಅಲ್ಲ, ತುದಿಯಲ್ಲಿ ದಪ್ಪ ಮರದ ತಲೆಯುಳ್ಳ ‘ಮೇಸ್’. ಅದರಿಂದ ಚೆಂಡನ್ನು ಹೊಡೆಯುವುದಕ್ಕಿಂತ ನೂಕುವುದೇ ಹೆಚ್ಚು. ಚೆಂಡು ಮೇಜಿನ ಅಂಚಿಗೆ ಒತ್ತಿ ನಿಂತಾಗ ದಪ್ಪ ತಲೆ ಅಲ್ಲಿಗೆ ತೂರುವುದಿಲ್ಲ, ಆಗ ಆಟಗಾರರು ಕೋಲನ್ನು ತಿರುಗಿಸಿ ಹಿಡಿಕೆಯ ತುದಿಯಿಂದ ಹೊಡೆದರು. ಆ ಹಿಡಿಕೆಯೇ ಕ್ರಮೇಣ ಕ್ಯೂ ಆಯಿತು.

ಹೊಸ ಕೋಲಿನ ಮೇಲಿನ ನಿರೀಕ್ಷೆ ಬೆಳೆದದ್ದು 19ನೇ ಶತಮಾನದಲ್ಲಿ. ಫ್ರೆಂಚ್ ಸೇನೆಯ ಕ್ಯಾಪ್ಟನ್ ಫ್ರಾನ್ಸ್ವಾ ಮಿಂಗೋ ಕ್ಯೂನ ತುದಿಗೆ ತೊಗಲಿನ ಬಿಲ್ಲೆ ಅಂಟಿಸಿದ, ಆಟದ ಬಗೆಗಳನ್ನು ವಿವರಿಸುವ ಪುಸ್ತಕವನ್ನು 1827ರಲ್ಲಿ ಹೊರತಂದ. ತೊಗಲು ಚೆಂಡನ್ನು ಕಚ್ಚುತ್ತದೆ, ಹಾಗಾಗಿ ಚೆಂಡಿಗೆ ತಿರುಗು ಕೊಡಬಹುದು. ಲಂಡನ್ನಿನ ಜಾನ್ ಥರ್ಸ್ಟನ್ 1826ರ ಹೊತ್ತಿಗೆ ಮರದ ಹಲಗೆಯ ಬದಲು ಸ್ಲೇಟ್ ಕಲ್ಲಿನ ಮೇಜು ತಯಾರಿಸಿದ. 1840ರ ದಶಕದಲ್ಲಿ ಮೇಜಿನ ಅಂಚಿಗೆ ಹದಗೊಳಿಸಿದ ರಬ್ಬರಿನ ಕುಷನ್ ಬಂತು. ಮೇಜು ಸಮವಾಗಿ, ಅಂಚು ನಂಬಿಕೆಯ ಪುಟಿತ ಕೊಡತೊಡಗಿದ ಮೇಲೆ ತಪ್ಪು ಹೊರಿಸಲು ಉಳಿದದ್ದು ಆಟಗಾರನ ಕೈ, ಇಲ್ಲವೇ ಕೋಲು. ಐದು ಅಡಿಗೆ ತುಸು ಕಡಿಮೆ ಉದ್ದ, ಬುಡದಲ್ಲಿ ಮೂರು ಸೆಂಟಿಮೀಟರಿನ ಆಸುಪಾಸು, ತುದಿಯಲ್ಲಿ 10 ಮಿಲಿಮೀಟರು. ಇಷ್ಟು ಉದ್ದದ, ಇಷ್ಟು ಸಪೂರದ ಮರವನ್ನು ಎಲ್ಲೂ ಉಬ್ಬುತಗ್ಗಿಲ್ಲದೆ ಇಳಿಸುವುದು ಬಡಗಿಗೆ ದೊಡ್ಡ ಸವಾಲು.

ಸ್ನೂಕರ್ ಎಂಬ ಆಟ ಹುಟ್ಟಿದ್ದು ನಮ್ಮ ದೇಶದಲ್ಲೇ. 1875ರಲ್ಲಿ ಜಬಲ್ಪುರದ ಸೇನಾ ಮೆಸ್ಸಿನಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಯುವ ಅಧಿಕಾರಿ ಬಿಲಿಯರ್ಡ್ಸ್ ಮೇಜಿನ ಮೇಲೆ ಬಣ್ಣದ ಚೆಂಡುಗಳನ್ನು ಸೇರಿಸಿ ಆಡಿಸಿದ. 1880ರ ದಶಕದ ಆರಂಭದಲ್ಲಿ ಆಟದ ನಿಯಮಗಳು ರೂಪುಗೊಂಡದ್ದು ಊಟಿ ಕ್ಲಬ್ಬಿನಲ್ಲಿ, ಮೈಸೂರಿನಿಂದ ಬಂಡೀಪುರ ದಾಟಿದರೆ ಸಿಗುವ ಬೆಟ್ಟದ ಮೇಲೆ. ಬೆಂಗಳೂರಿನಲ್ಲಿ ಆಡಿ ಬೆಳೆದ ಪಂಕಜ್ ಅಡ್ವಾಣಿ 2003ರಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಪಟ್ಟ ಗೆದ್ದಾಗ ಕನ್ನಡ ಪತ್ರಿಕೆಗಳ ಓದುಗರಿಗೂ ಈ ಕೋಲು ಹತ್ತಿರವಾಯಿತು.

ಇನ್ನು ಉಜ್ಜುಗೊರಡಿನ ಮಾತು. ನಮ್ಮಲ್ಲಿ ಹತ್ತರಿ, ಕೀಸುಳಿ ಎಂದೂ ಕರೆಯುವ ಈ ಉಪಕರಣ ರೋಮನ್ನರ ಬಳಿಯೂ ಇತ್ತು. ನೂರಾರು ವರ್ಷ ಅದರ ಮೈ ಮರದ್ದೇ. ಅಲಗನ್ನು ಬೆಣೆ ಬಡಿದು ಬಿಗಿಗೊಳಿಸಬೇಕು, ಸುತ್ತಿಗೆ ತಟ್ಟಿ ಮೇಲೆ ಕೆಳಗೆ ಸರಿಸಬೇಕು. ಅಮೆರಿಕದ ಲೆನಾರ್ಡ್ ಬೇಲಿ ಎರಕದ ಕಬ್ಬಿಣದ ಮೈಗೆ ತಿರುಪಿನಿಂದ ಅಲಗು ಸರಿಸುವ ಏರ್ಪಾಡು ಮಾಡಿದ. ಅವನ ಪೇಟೆಂಟುಗಳನ್ನು 1869ರಲ್ಲಿ ಸ್ಟಾನ್ಲಿ ಕಂಪನಿ ಕೊಂಡಿತು. ಅಲ್ಲಿಂದ ಬಂದ ನಂಬರುಗಳು ಇಂದಿಗೂ ಬಡಗಿಗಳ ಬಾಯಲ್ಲಿವೆ: 9 ಅಂಗುಲದ ನಾಲ್ಕನೇ ನಂಬರು, 14 ಅಂಗುಲದ ಐದನೇ ನಂಬರು, 22 ಅಂಗುಲದ ಏಳನೇ ನಂಬರು. 1930ರ ದಶಕದಿಂದ ಶೆಫೀಲ್ಡಿನ ರೆಕಾರ್ಡ್ ಕಂಪನಿಯೂ ಇದೇ ಮಾದರಿಯನ್ನು ತಯಾರಿಸಿತು.

ಕ್ಯೂ ಮಾಡುವವನಿಗೆ ಇವುಗಳಲ್ಲಿ ಮೊದಲು ಬೇಕಾದದ್ದು ಉದ್ದದ್ದು. ಗಿಡ್ಡ ಉಜ್ಜುಗೊರಡು ಮರದ ತಗ್ಗಿನೊಳಕ್ಕೂ ಇಳಿದು ಅದನ್ನೇ ಇನ್ನಷ್ಟು ಆಳ ಮಾಡುತ್ತದೆ. 18 ಅಥವಾ 22 ಅಂಗುಲದ ತಳ ತಗ್ಗುಗಳ ಮೇಲೆ ಹಾಯ್ದು ಉಬ್ಬುಗಳನ್ನಷ್ಟೇ ಸವರುತ್ತದೆ, ಕೊನೆಗೆ ಒಂದೇ ಗೆರೆಯಾಗುತ್ತದೆ. ಎಬೊನಿ ಕೂರುವ ಮುಖಕ್ಕಂತೂ ಈ ಸಪಾಟು ಅತ್ಯಗತ್ಯ. ಕೂದಲೆಳೆಯ ಸಂದು ಉಳಿದರೂ ಅಂಟಿನ ಗೆರೆ ಎದ್ದು ಕಾಣುತ್ತದೆ. ಆ ಕೋಲಿಗೆ ಮುಂದೆ ಯಾವ ಪಾಲಿಶೂ ಮಾನ ಉಳಿಸಲಾರದು.

ಚೌಕ ಕೋಲನ್ನು ‘ವಿ’ ತೋಡಿನ ಹಲಗೆಯಲ್ಲಿ ಕೂರಿಸಿ, ನಾಲ್ಕು ಮೂಲೆ ಸವರಿ ಎಂಟು ಮುಖ ಮಾಡುತ್ತಾರೆ, ಎಂಟನ್ನು ಹದಿನಾರು ಮಾಡುತ್ತಾರೆ. ಕೀಸುವ ದಿಕ್ಕು ಯಾವಾಗಲೂ ದಪ್ಪ ಕಡೆಯಿಂದ ಸಪೂರ ಕಡೆಗೆ. ತಿರುವಿದರೆ ಅಲಗು ಎಳೆಗಳ ಸಂದಿಗೆ ಹೊಕ್ಕು ಮರ ಸಿಬಿರೇಳುತ್ತದೆ. ಆ್ಯಶ್ ಮರದಲ್ಲಿ ಈ ಭಯ ಜಾಸ್ತಿ, ಏಕೆಂದರೆ ವಸಂತದಲ್ಲಿ ಬೆಳೆದ ಪದರ ರಂಧ್ರಮಯ, ಬೇಸಿಗೆಯದು ಗಟ್ಟಿ. ಮೆತ್ತಗಿನದರಿಂದ ಗಟ್ಟಿಗೆ, ಗಟ್ಟಿಯಿಂದ ಮೆತ್ತಗಿನದಕ್ಕೆ ಅಲಗು ಹಾದುಹೋಗಬೇಕು. ಅಲಗು ಚೂಪಾಗಿರಬೇಕು, ಉಜ್ಜುಗೊರಡಿನ ಬಾಯಿ ಕಿರಿದಾಗಿರಬೇಕು. ಮುಖಗಳು ಹದಿನಾರಾದ ಮೇಲೆ ಒಂದೇ ಕೈಯಲ್ಲಿ ಹಿಡಿಯಬಹುದಾದ ಗಿಡ್ಡ ಬ್ಲಾಕ್ ಪ್ಲೇನ್ ಹೊರಬರುತ್ತದೆ. ಕೊನೆಯ ದುಂಡಿಗೆ ತಳವೂ ಅಲಗೂ ಒಳಬಾಗಿರುವ ಉಜ್ಜುಗೊರಡು ಹೊಂದುತ್ತದೆ. ಇಂಗ್ಲೆಂಡಿನ ಹಳೆಯ ಬಡಗಿಗಳ ಪೆಟ್ಟಿಗೆಯಲ್ಲಿ ಇಂಥವು ಒಳಬಾಗು–ಹೊರಬಾಗಿನ ಜೋಡಿಗಳಾಗಿ ಇರುತ್ತಿದ್ದವು.

ಹೀಗೆ ಇಳಿಸುವಾಗಲೇ ಕೋಲಿನ ಮೈಮೇಲೆ ಬಾಣದ ಗುರುತುಗಳು ಮೂಡುತ್ತವೆ. ಸಪೂರವಾಗುತ್ತಾ ಹೋಗುವ ಮೈ ವರ್ಷವರ್ಷದ ಉಂಗುರಗಳನ್ನು ಒಂದೊಂದಾಗಿ ಕತ್ತರಿಸುವುದರಿಂದ ಬರುವ ಗುರುತುಗಳಿವು. ಎಷ್ಟೋ ಆಟಗಾರರು ಗುರಿ ಹಿಡಿಯುವಾಗ ಬಾಣದ ಗೆರೆ ಮೇಲ್ಮುಖವಾಗಿ ಇರುವಂತೆ ಕ್ಯೂ ತಿರುಗಿಸಿಕೊಳ್ಳುತ್ತಾರೆ. ಒಳ್ಳೆಯ ಕುಶಲಕರ್ಮಿ ಮರ ಆರಿಸುವಾಗಲೇ ಉಂಗುರಗಳ ದಿಕ್ಕು ನೋಡಿರುತ್ತಾನೆ.

ಅಮೆರಿಕದಲ್ಲಿ ಪೂಲ್ ಆಟದ ಕ್ಯೂ ಬೇರೆ ದಾರಿ ಹಿಡಿಯಿತು. ಅಲ್ಲಿ ಮೇಪಲ್ ಮರ, ಲೇತ್ ಯಂತ್ರ. ಉದ್ದನೆಯ ತೆಳು ಕೋಲು ಲೇತಿನಲ್ಲಿ ಬಳುಕಿ ಕುಣಿಯುವುದರಿಂದ ಒಂದು ಸಲಕ್ಕೆ ಸ್ವಲ್ಪವೇ ತೆಗೆದು, ನಡುನಡುವೆ ತಿಂಗಳುಗಟ್ಟಲೆ ಮರವನ್ನು ತೂಗುಹಾಕಿ ಬಿಡುತ್ತಾರೆ. ಅದೂ ತಾಳ್ಮೆಯ ಕಸುಬೇ.

ದುಬಾರಿ ಕೋಲೇ ಗೆಲ್ಲಿಸುತ್ತದೆ ಎಂದೇನೂ ಇಲ್ಲ. ಸ್ಟೀಫನ್ ಹೆಂಡ್ರಿ ಏಳು ವಿಶ್ವ ಪಟ್ಟಗಳನ್ನು ಗೆದ್ದದ್ದು ಹುಡುಗನಾಗಿದ್ದಾಗಿನಿಂದ ಬಳಸಿದ ಅಗ್ಗದ ಕ್ಯೂನಿಂದ. 2003ರಲ್ಲಿ ವಿಮಾನ ಪ್ರಯಾಣದಲ್ಲಿ ಅದು ಮುರಿಯಿತು. ಹೊಸ ಕೋಲಿಗೆ ಕೈ ಒಗ್ಗಿಸಿಕೊಳ್ಳಬೇಕಾಗಿ ಬಂದ ಆತ ಮತ್ತೆ ವಿಶ್ವ ಪಟ್ಟ ಗೆಲ್ಲಲಿಲ್ಲ. ಅದಕ್ಕೆ ಕೋಲೊಂದೇ ಕಾರಣವಲ್ಲ, ನಿಜ. ಆದರೂ ಮರದ ಬಳುಕು ಎಷ್ಟು ಆಳವಾಗಿ ತೋಳಿಗೆ ಇಳಿದಿರುತ್ತದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ.

ಈಗ ಮರಕ್ಕೇ ಕುತ್ತು ಬಂದಿದೆ. 1992ರಲ್ಲಿ ಪೋಲೆಂಡಿನಲ್ಲಿ ಕಂಡ ಶಿಲೀಂಧ್ರ ರೋಗ 2012ರಲ್ಲಿ ಬ್ರಿಟನ್ನಿಗೂ ಬಂದು ಆ್ಯಶ್ ಕಾಡುಗಳನ್ನು ಒಣಗಿಸುತ್ತಿದೆ. 2002ರಲ್ಲಿ ಅಮೆರಿಕದ ಮಿಷಿಗನ್ನಿನಲ್ಲಿ ಪತ್ತೆಯಾದ ಏಷ್ಯಾ ಮೂಲದ ಹಸಿರು ಕೊರಕ ಹುಳು ಅಲ್ಲಿನ ಆ್ಯಶ್ ಮರಗಳನ್ನು ಕೋಟಿಗಟ್ಟಲೆ ಕೊಂದಿದೆ. 2013ರಿಂದ ಮಡಗಾಸ್ಕರಿನ ಎಬೊನಿಯ ವ್ಯಾಪಾರಕ್ಕೂ ಅಂತರರಾಷ್ಟ್ರೀಯ ಕಡಿವಾಣ ಬಿದ್ದಿದೆ. ಮೇಪಲ್ ಸಿಗುತ್ತದೆ, ಆದರೆ ಅದರ ಎಳೆ ಒತ್ತಾಗಿ ನಯವಾಗಿರುವುದರಿಂದ ಬಾಣದ ಗುರುತು ಮಸುಕು. ಅದನ್ನೇ ನೋಡಿ ಗುರಿ ಹಿಡಿದು ಅಭ್ಯಾಸವಾದವರು ಈಗಲೂ ಆ್ಯಶ್ ಕೋಲನ್ನೇ ಕೇಳುತ್ತಾರೆ.