ಕವಿಮನೆ ಕಲಿಸುವ ಪಾಠ

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ರಾಷ್ಟ್ರಕವಿ ಕುವೆಂಪು ಬಾಲ್ಯ ಕಳೆದ ಮನೆ ಇಂದು ‘ಕವಿಮನೆ’ ಎಂಬ ವಸ್ತುಸಂಗ್ರಹಾಲಯವಾಗಿದೆ. ಅವರ ಜನ್ಮದಿನವಾದ ಡಿಸೆಂಬರ್ 29ನ್ನು ಸರ್ಕಾರ 2015ರಲ್ಲಿ ‘ವಿಶ್ವಮಾನವ ದಿನ’ವೆಂದು ಘೋಷಿಸಿತು. ಅದೇ ವರ್ಷದ ನವೆಂಬರಿನಲ್ಲಿ ಆ ಮನೆಯಿಂದ ಕವಿಯ ಪದ್ಮ ಪ್ರಶಸ್ತಿ ಪದಕಗಳು ಕಳುವಾಗಿದ್ದವು!

ನೋಡಿ, ಹಬ್ಬ ಒಂದು ದಿನದ್ದು. ಕಾವಲು, ದುರಸ್ತಿಯ ಖರ್ಚು ವರ್ಷವಿಡೀ. ಪ್ರವಾಸಕ್ಕೆ ಹೋದ ನಾವು ಕೊಡುವ ಪ್ರವೇಶ ಶುಲ್ಕವೂ ಇಂಥ ಮನೆಗಳಿಗೆ ವಂತಿಗೆಯೇ.

ಕಾಪಾಡುವ ಕೆಲಸ ನಮ್ಮ ಅರಕೇರಾದಲ್ಲೂ ಇದೆ. 1948ರವರೆಗೆ ರಾಯಚೂರು ನಿಜಾಮರ ಆಡಳಿತದಲ್ಲಿತ್ತು. ಸರ್ಕಾರಿ ಭಾಷೆ ಉರ್ದು. ಅಜ್ಜನ ಪೆಟ್ಟಿಗೆಯಲ್ಲಿ ಆ ಕಾಲದ ದಸ್ತಾವೇಜು ಸಿಕ್ಕರೆ ರದ್ದಿಗೆ ಹಾಕಬೇಡಿ. ಓದಿಸಿ, ಕನ್ನಡದಲ್ಲಿ ಬರೆದಿಡಿ. ಇತಿಹಾಸ ಉಳಿಯುವುದು ಹೀಗೆಯೇ.